ಹೈ ಸೀಸ್ ಅಂದರೆ ಎತ್ತರದ ಸಮುದ್ರ ಅಲ್ಲ

ಮಾನ್ಯ ಸಂಪಾದಕರೇ,

ಕಾನೂನು ಪುಸ್ತಕಗಳ ಬೆಲೆ ಬಗ್ಗೆ ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದ ಪತ್ರ ಓದಿದೆ. ಅಂತರರಾಷ್ಟ್ರೀಯ ಕಾನೂನಿನ ಒಂದೇ ಒಂದು ಪುಸ್ತಕ ಕೊಳ್ಳಲು ಆ ತಿಂಗಳ ಮೆಸ್ ದುಡ್ಡು ಹೋಯಿತು ಅಂತ ಅವರು ಬರೆದಿದ್ದರು. ಓದಿ ಕೆಟ್ಟ ಅನ್ನಿಸಿತು. ಯಾಕೆಂದರೆ ಆ ಪುಸ್ತಕದಲ್ಲಿ ಇರೋದಕ್ಕಿಂತ ಜಾಸ್ತಿ ಸರಕು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ನನಗೂ ಯಾರೂ ಹೇಳಿರಲಿಲ್ಲ. ಒಂದು ಪೇಪರಿನಲ್ಲಿ ಫೇಲಾದ ಮೇಲೆ ಗೊತ್ತಾಯಿತು.

ನಾನು 34 ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು. ಅದರಲ್ಲಿ ಆರು ವರ್ಷ ಹುಬ್ಬಳ್ಳಿ–ಪಣಜಿ ರೂಟು. ನಿವೃತ್ತಿ ಆದ ಮೇಲೆ ಬೆಟಗೇರಿಯ ಮನೆ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಎಣಿಸುತ್ತಿದ್ದೆ. ‘ಇಲ್ಲೂ ಟಿಕೆಟ್ ಕೊಡ್ತೀರೇನು, ಎಲ್ಲಿಗಾದರೂ ಹೋಗ್ರಿ’ ಅಂತ ಮನೆಯವಳು ಬೈದಳು. ಡಿಗ್ರಿ ಮೊದಲೇ ಇತ್ತು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ಈಗ ಕೊನೆಯ ವರ್ಷ. ದಿನಾ ಗದಗಿನಿಂದ ರೈಲು. ಕ್ಲಾಸಿನ ಹುಡುಗರು ಕಂಡಕ್ಟರ್ ಸರ್ ಅಂತಾರೆ, ಹುಡುಗಿಯರು ಅಜ್ಜಾರ ಅಂತಾರೆ. ಎರಡಕ್ಕೂ ‘ಓ’ ಅಂತೀನಿ.

ನಮ್ಮಲ್ಲಿ ಪಬ್ಲಿಕ್ ಇಂಟರ್‌ನ್ಯಾಷನಲ್ ಲಾ ಅನ್ನೋ ಪೇಪರಿಗೆ ಪಿಐಎಲ್ ಅಂತಾರೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೂ ಪಿಐಎಲ್ಲೇ. ಮೊದಲ ವಾರ ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಹೈಕೋರ್ಟಿಗೆ ಅರ್ಜಿ ಹಾಕೋದನ್ನು ಕಲಿಸುತ್ತಾರೆ ಅಂತ ಕಾದು ಕೂತರೆ, ಬಂದದ್ದು ರಾಯಭಾರಿಗಳು, ಸಮುದ್ರಗಳು, ಯುದ್ಧಗಳು. ಹುಡುಗರು ಬಿದ್ದು ಬಿದ್ದು ನಕ್ಕರು.

ಆ ಪೇಪರಿಗೆ ಎಲ್ಲರೂ ಓದೋದು ಗೈಡ್. ಜೆರಾಕ್ಸಿನ ಜೆರಾಕ್ಸ್, ಅಕ್ಷರಗಳಿಗೆ ಮೀಸೆ ಬಂದಿರುತ್ತವೆ. ನನ್ನ ಗೈಡಿನಲ್ಲಿ, ಒಪ್ಪಂದಗಳ ಬಗೆಗಿನ 1969ರ ವಿಯೆನ್ನಾ ಒಡಂಬಡಿಕೆಗೆ ಭಾರತವೂ ಸೇರಿದೆ ಅಂತ ಅಚ್ಚಾಗಿತ್ತು. ನಾನು ಅದನ್ನೇ ಉರು ಹೊಡೆದು, ಪರೀಕ್ಷೆಯಲ್ಲಿ ಚೆಂದದ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಬೇರೆ ಎಳೆದು ಬಂದೆ. ಪೇಪರ್ ಹೋಯಿತು. ಅದೊಂದೇ ಕಾರಣ ಅಂತ ಹೇಳಲ್ಲ. ಸಮುದ್ರದ ಪ್ರಶ್ನೆಯನ್ನೂ ಕೆಡಿಸಿದ್ದೆ, ಅದನ್ನು ಮುಂದೆ ಹೇಳ್ತೀನಿ.

ಆಮೇಲೆ ಒಬ್ಬ ಅತಿಥಿ ಉಪನ್ಯಾಸಕರು ಕ್ಯಾಂಟೀನಿನಲ್ಲಿ ನನ್ನ ಫೋನ್ ಇಸಿದುಕೊಂಡು, ವಿಶ್ವಸಂಸ್ಥೆಯ ಟ್ರೀಟಿ ಕಲೆಕ್ಷನ್ ಅನ್ನೋ ಜಾಲತಾಣ ತೆರೆದರು. ‘ನೀವ ನೋಡ್ರಿ, ನಾ ಏನೂ ಹೇಳಂಗಿಲ್ಲ’ ಅಂದರು. ಆ ಒಡಂಬಡಿಕೆಗೆ ಯಾವ ದೇಶ ಯಾವತ್ತು ಸೇರಿತು ಅನ್ನೋ ಪಟ್ಟಿ ಅಲ್ಲಿದೆ. ಬೆರಳಿನಿಂದ ಎಳೆಯುತ್ತಾ ಹೋದೆ. ಹಂಗರಿ ಇದೆ. ಭಾರತ ಇಲ್ಲ. ಮತ್ತೆ ಮೇಲೆ ಹೋಗಿ ಬಂದೆ. ಇಲ್ಲ. ನಮ್ಮ ಸುಪ್ರೀಂ ಕೋರ್ಟ್ 2011ರಲ್ಲಿ ಕಪ್ಪು ಹಣದ ಕೇಸಿನಲ್ಲಿ, ನಾವು ಆ ಒಡಂಬಡಿಕೆಗೆ ಸೇರಿಲ್ಲ, ಆದರೂ ಅದರ ತತ್ವಗಳು ರೂಢಿಯ ಕಾನೂನಾಗಿ (ಸಹಿ ಹಾಕದಿದ್ದರೂ ದೇಶಗಳು ಪಾಲಿಸಿಕೊಂಡು ಬಂದದ್ದು) ದಾರಿ ತೋರಿಸುತ್ತವೆ ಅಂತ ಹೇಳಿದೆ. ಆ ತೀರ್ಪು ಇಂಡಿಯನ್ ಕಾನೂನ್ ಅನ್ನೋ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹತ್ತು ನಿಮಿಷದ ಕೆಲಸ. ಒಂದು ಚಹಾ ಮುಗಿಯೋದರಲ್ಲಿ ನನ್ನ ಗೈಡ್ ರದ್ದಿ ಆಯಿತು.

ಒಪ್ಪಂದ ಮಾಡಿಕೊಂಡ ದೇಶಗಳು ಅದನ್ನು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಅದರ ಯಾವ ಅಂಗದ ಮುಂದೂ ಆ ಒಪ್ಪಂದವನ್ನು ಆಧಾರ ಅಂತ ತೋರಿಸಲು ಬರುವುದಿಲ್ಲ ಅಂತ ವಿಶ್ವಸಂಸ್ಥೆಯ ಮೂಲ ಕಟ್ಟಳೆಯಾದ ಚಾರ್ಟರಿನ 102ನೇ ವಿಧಿ ಹೇಳುತ್ತದೆ. ಮುಚ್ಚಿದ ಕೋಣೆಯ ಒಪ್ಪಂದಗಳು ಬೇಡ ಅಂತ ಮಾಡಿದ ನಿಯಮ. ಹಾಗಾಗಿಯೇ ಆ ಕಡತಗಳೆಲ್ಲ ಬಹಿರಂಗ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಉತಾರಕ್ಕೆ ಎಷ್ಟು ಸಲ ಅಲೆಯಬೇಕು ಅಂತ ನಿಮಗೆ ಗೊತ್ತಲ್ಲ. ಇಲ್ಲಿ ಜಗತ್ತಿನ ಉತಾರವೇ ತೆರೆದಿಟ್ಟಿದ್ದಾರೆ. ನಮ್ಮ ವಿದೇಶಾಂಗ ಸಚಿವಾಲಯದ ತಾಣದಲ್ಲೂ ಭಾರತದ ಒಪ್ಪಂದಗಳ ಪಟ್ಟಿ ಇದೆ.

ಇನ್ನೊಂದು ತಾಣದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ವಿಶ್ವಸಂಸ್ಥೆಯ ಆಡಿಯೋವಿಶುವಲ್ ಲೈಬ್ರರಿ ಆಫ್ ಇಂಟರ್‌ನ್ಯಾಷನಲ್ ಲಾ. ಅಂತರರಾಷ್ಟ್ರೀಯ ಕಾನೂನು ಕಲಿಸಲು ಸಾಮಾನ್ಯ ಸಭೆ 1965ರಲ್ಲೇ ಒಂದು ಕಾರ್ಯಕ್ರಮ ಶುರು ಮಾಡಿತ್ತು. ಅದರ ಅಡಿಯಲ್ಲಿ 2008ರಲ್ಲಿ ಈ ಲೈಬ್ರರಿ ಬಂತು. ಕಾರ್ಡು ಬೇಡ, ಠೇವಣಿ ಬೇಡ. ಜಗತ್ತಿನ ದೊಡ್ಡ ದೊಡ್ಡ ಪ್ರೊಫೆಸರುಗಳು, ನ್ಯಾಯಾಧೀಶರು ಕ್ಯಾಮೆರಾ ಮುಂದೆ ಕೂತು ಪಾಠ ಮಾಡಿದ್ದಾರೆ. ಒಂದೊಂದು ಮುಖ್ಯ ಒಪ್ಪಂದಕ್ಕೂ, ಅದು ಹೇಗೆ ಹುಟ್ಟಿತು ಅಂತ ನಾಲ್ಕಾರು ಪುಟದ ಪರಿಚಯ ಬರಹ ಇದೆ. ಪರೀಕ್ಷೆಗೆ ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಆ ಬರಹಗಳೇ. ಪಾಠಗಳ ಆಡಿಯೋ ಕೂಡ ಸಿಗುತ್ತದೆ. ಮನೆಯಲ್ಲೇ ಇಳಿಸಿಕೊಂಡು ಬಂದು, ಹುಲಕೋಟಿ ದಾಟುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ, ಅಣ್ಣಿಗೇರಿಯಲ್ಲಿ ಒಮ್ಮೆ ನಿಲ್ಲಿಸಿ ಚಹಾ ಕುಡಿದು, ಹುಬ್ಬಳ್ಳಿ ಬರೋದರೊಳಗೆ ಒಂದು ಪಾಠ ಮುಗಿಯುತ್ತದೆ. ಎದುರಿನ ಸೀಟಿನವರು ಹಳೇ ಹಾಡು ಕೇಳ್ತಿದ್ದೀನಿ ಅಂದುಕೊಳ್ಳುತ್ತಾರೆ. ತಲೆ ಬೇರೆ ಆಡಿಸ್ತೀನಿ ನೋಡಿ.

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತಾಣಕ್ಕೆ ಹೋದಾಗ ಮಾತ್ರ ಮೊದಲ ದಿನವೇ ಮುಗ್ಗರಿಸಿದೆ. 1960ರ ಒಂದು ತೀರ್ಪು ತೆರೆದೆ. ಒಂದು ಪುಟ ಅರ್ಥವಾಗುತ್ತದೆ, ಇನ್ನೊಂದು ಪುಟ ಏನೂ ತಿಳಿಯದು. ಫೈಲ್ ಕೆಟ್ಟಿದೆ ಅಂತ ಮೂರು ಸಲ ಇಳಿಸಿಕೊಂಡೆ, ಡಾಟಾ ಖಾಲಿ ಆಯಿತು. ಆಮೇಲೆ ಗೊತ್ತಾಯಿತು, ಆ ಕೋರ್ಟಿಗೆ ಎರಡು ಅಧಿಕೃತ ಭಾಷೆ. ಒಂದು ಪುಟ ಫ್ರೆಂಚ್, ಎದುರಿನ ಪುಟ ಅದೇ ಮಾತು ಇಂಗ್ಲಿಷಿನಲ್ಲಿ. ಇದನ್ನು ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರೆ ಸಾಕಿತ್ತು. ಜತೆಗೆ ಪ್ರತಿ ತೀರ್ಪಿಗೂ ಅವರೇ ಮಾಡಿದ ಸಾರಾಂಶ ಇರುತ್ತದೆ, ಮೊದಲು ಅದನ್ನು ಓದಿ ಅಂತಲೂ ಹೇಳಬಹುದಿತ್ತು.

ನಾನು ತೆರೆದಿದ್ದ ಆ ಕೇಸು ಪೋರ್ಚುಗಲ್ ಮತ್ತು ಭಾರತದ್ದು. ದಾದ್ರಾ ಮತ್ತು ನಗರ್ ಹವೇಲಿ. (ನನ್ನ ಗೆಳೆಯನೊಬ್ಬ ಅದನ್ನು ‘ನಗರ ಹಾವೇರಿ’ ಅಂತ ಓದಿ, ‘ನಮ್ಮ ಊರಿನ ಕೇಸು ಹೇಗ್ ತನಕ ಹೋಗಿತ್ತಾ’ ಅಂದಿದ್ದ.) ಸಮುದ್ರದ ದಂಡೆಯ ದಮನ್‌ನಿಂದ ಒಳನಾಡಿನ ಈ ತುಂಡು ನೆಲಗಳಿಗೆ ಪೋರ್ಚುಗೀಸರು ಹೋಗಬೇಕೆಂದರೆ ನಡುವೆ ಭಾರತದ ನೆಲ ದಾಟಬೇಕು. 1954ರಲ್ಲಿ ಅಲ್ಲಿ ದಂಗೆ ಎದ್ದು ಅವರ ಆಡಳಿತ ಉರುಳಿತು, ಭಾರತ ದಾರಿ ಬಿಡಲಿಲ್ಲ. 1955ರ ಡಿಸೆಂಬರಿನಲ್ಲಿ ಪೋರ್ಚುಗಲ್ ಹೇಗ್‌ಗೆ ಹೋಯಿತು. 1960ರ ಏಪ್ರಿಲ್ 12ರಂದು ತೀರ್ಪು ಬಂತು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು ದಾಟುವ ಹಕ್ಕು ಇತ್ತು. ಸೈನ್ಯ, ಶಸ್ತ್ರಧಾರಿ ಪೊಲೀಸರು, ಮದ್ದುಗುಂಡಿಗೆ ಇರಲಿಲ್ಲ. ಭಾರತ ತಪ್ಪು ಮಾಡಿಲ್ಲ ಅಂತಲೂ ಕೋರ್ಟ್ ಹೇಳಿತು.

ಅನಮೋಡ ಘಾಟ್ ಇಳಿದು ಮೋಲೆಂ ಚೆಕ್‌ಪೋಸ್ಟಿನಲ್ಲಿ ಆರು ವರ್ಷ ಬಸ್ ನಿಲ್ಲಿಸಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪ್ರಯಾಣಿಕರಿಗೆ ಸೀಟು ಉಂಟು, ಲಗೇಜಿಗೆ ಟಿಕೆಟ್ ಉಂಟು, ಬಂದೂಕಿಗೆ ಬಸ್ ಇಲ್ಲ. ಆ ಪೀಠದಲ್ಲಿ ಭಾರತದ ಕಡೆಯಿಂದ ತಾತ್ಕಾಲಿಕ ನ್ಯಾಯಾಧೀಶರಾಗಿ ಕೂತಿದ್ದವರು ಎಂ.ಸಿ. ಛಾಗ್ಲಾ. ಧಾರವಾಡ, ಗದಗ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅವರೇ. ನಮ್ಮ ಅಜ್ಜಂದಿರ ಕಾಲದ ಜಮೀನು ತಕರಾರುಗಳು ಹೋಗಿ ಮುಟ್ಟುತ್ತಿದ್ದ ಕೋರ್ಟು ಅದು. ಗೈಡಿನಲ್ಲಿ ಈ ಕೇಸಿಗೆ ಎರಡು ಸಾಲು.

ಈ ಪೇಪರು ನಮಗೆ ದೂರದ್ದು ಅಂತ ಬಹಳ ಜನ ತಿಳಿದಿದ್ದಾರೆ. ನರಗುಂದದ ಸಹಪಾಠಿಯೊಬ್ಬನಿದ್ದಾನೆ, 2015ರಿಂದ ಮಹದಾಯಿ ಧರಣಿಯ ಟೆಂಟಿನಲ್ಲೇ ಬೆಳೆದವನು. ಕಾವೇರಿ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ 1966ರ ಹೆಲ್ಸಿಂಕಿ ನಿಯಮಗಳ ಮಾತು ಬರುತ್ತದೆ. ಹಲವು ದೇಶಗಳಲ್ಲಿ ಹರಿಯುವ ನದಿಯ ನೀರನ್ನು ನ್ಯಾಯವಾಗಿ ಹಂಚಿಕೊಳ್ಳಬೇಕು ಅನ್ನೋ ನಿಯಮಗಳು ಅವು. ಅದನ್ನು ಅವನಿಗೆ ತೋರಿಸಿದೆ. ಅಲ್ಲಿಂದ ಅವನು ತಾನೇ ಹುಡುಕಿಕೊಂಡು ಹೋಗಿ, ಕಿಶನ್‌ಗಂಗಾ ನದಿ ಬಗ್ಗೆ ಭಾರತ–ಪಾಕಿಸ್ತಾನ ವ್ಯಾಜ್ಯದ 2013ರ ಪಂಚಾಯಿತಿ (ಆರ್ಬಿಟ್ರೇಷನ್) ತೀರ್ಪು ಓದಿದ. ಭಾರತ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್ ನೀರು ಕೆಳಗೆ ಬಿಡಬೇಕು ಅಂತ ಅದರಲ್ಲಿದೆ. ಹೇಗ್‌ನ ಪರ್ಮನೆಂಟ್ ಕೋರ್ಟ್ ಆಫ್ ಆರ್ಬಿಟ್ರೇಷನ್ ತಾಣದಲ್ಲಿ ಪೂರ್ತಿ ಸಿಗುತ್ತದೆ. ‘ನಾವು ಘೋಷಣೆ ಕೂಗಿದ್ದು ಭಾಳ ಆತು ಸರ್, ಓದಿದ್ದು ಕಡಿಮಿ ಆತು’ ಅಂದ. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡೆಗೆ ಊರಿನ ಹೆಸರು ಕಾಯುವ ಜಿಐ ಗುರುತಿನ ಹಿಂದೆಯೂ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಟ್ರಿಪ್ಸ್ ಅನ್ನೋ ಒಪ್ಪಂದ ಇದೆ. ಅದನ್ನು ಯಾರಾದರೂ ಮೆಣಸಿನಕಾಯಿ ಬೆಳೆಯುವವರೇ ಬರೆಯಲಿ.

ಒಂದು ದಿನ ಮಾತ್ರ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನ್ ಯುದ್ಧದಲ್ಲಿ, ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ತೀರಿಹೋದದ್ದು ನಿಮಗೆ ನೆನಪಿದೆ. ಯುದ್ಧದ ಕಾನೂನಿನ ಪಾಠ ಬಂದಾಗ ರಾಣೆಬೆನ್ನೂರು ಕಡೆಯ ಹುಡುಗಿ ಎದ್ದು ನಿಂತು, ‘ಯುದ್ಧಕ್ಕೂ ರೂಲ್ಸ್ ಇದ್ದರ, ಆ ಹುಡುಗ ಯಾಕ ಸತ್ತ?’ ಅಂತ ಕೇಳಿದಳು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಸಂಜೆ ನಾವು ಆರೇಳು ಜನ ಉಳಿದುಕೊಂಡೆವು. ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ತಾಣದಲ್ಲಿ 1949ರ ನಾಲ್ಕು ಜಿನೀವಾ ಒಡಂಬಡಿಕೆಗಳು ವಿಧಿ ವಿಧಿಯಾಗಿ, ವಿವರಣೆ ಸಮೇತ ಇವೆ. ರೂಢಿಯಿಂದ ಬಂದ ಯುದ್ಧ ನಿಯಮಗಳನ್ನೂ 161 ಅಂತ ಎಣಿಸಿ ಇಟ್ಟಿದ್ದಾರೆ. ಮೊದಲನೆಯದೇ, ನಾಗರಿಕರನ್ನೂ ಹೋರಾಡುವವರನ್ನೂ ಬೇರೆ ಮಾಡಿ ನೋಡಬೇಕು ಅನ್ನೋದು. ಆಮೇಲೆ ಉಕ್ರೇನ್ ಹೇಗ್ ಕೋರ್ಟಿಗೆ ಹಾಕಿದ ಕೇಸಿನ ವಿಚಾರಣೆಯ ವಿಡಿಯೋ ನೋಡಿದೆವು. 2022ರ ಮಾರ್ಚ್ 7. ರಷ್ಯಾದವರು ಬಂದಿರಲಿಲ್ಲ. ಆ ಖಾಲಿ ಕುರ್ಚಿಗಳನ್ನು ನೋಡಿ ಹುಡುಗಿ ಏನೂ ಮಾತಾಡಲಿಲ್ಲ. ಮಾರ್ಚ್ 16ರಂದು ಕೋರ್ಟ್ 13–2 ಮತದಿಂದ ಸೈನಿಕ ಕಾರ್ಯಾಚರಣೆ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ನಿಲ್ಲಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ನಾನು ಹೇಳಲಾರೆ. ಆದರೆ ಆ ಪೇಪರಿನಲ್ಲಿ ಈಗ ಕ್ಲಾಸಿಗೆ ಅವಳೇ ಮುಂದೆ.

ಇಷ್ಟೆಲ್ಲ ಪುಕ್ಕಟೆ ಇದ್ದರೂ ನಮ್ಮ ಹುಡುಗರು ಗೈಡಿಗೇ ಯಾಕೆ ಅಂಟಿಕೊಂಡಿದ್ದಾರೆ? ಸೋಮಾರಿಗಳು ಅಂತ ಕೆಲವು ಮೇಷ್ಟ್ರುಗಳು ಅನ್ನುತ್ತಾರೆ. ನಾನು ಒಪ್ಪಲ್ಲ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು, ಅದರಲ್ಲಿ ಕನ್ನಡ ಇಲ್ಲ. ಗೈಡ್ ಕೆಟ್ಟದ್ದೇ ಇರಲಿ, ಕನ್ನಡದಲ್ಲಿದೆ. ಹನ್ನೆರಡನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿ ಬಂದ ಹುಡುಗನ ಮುಂದೆ ಇನ್ನೂರು ಪುಟದ ಇಂಗ್ಲಿಷ್ ತೀರ್ಪು ಹಿಡಿದರೆ ಅವನು ಏನು ಮಾಡಬೇಕು? ಫೋನಿನ ಅನುವಾದದ ಗುಂಡಿ ಒತ್ತುತ್ತಾನೆ. ನಾನೂ ಒತ್ತಿದೆ. ಈಗ ಬಂತು ನೋಡಿ ನನ್ನ ಸಮುದ್ರದ ಕತೆ.

‘ಹೈ ಸೀಸ್’ ಅಂದರೆ ಯಾವ ದೇಶದ ಹಿಡಿತಕ್ಕೂ ಸೇರದ ನಡುಗಡಲು. ಫೋನು ಅದನ್ನು ‘ಎತ್ತರದ ಸಮುದ್ರಗಳು’ ಅಂದಿತು. ಅಲೆ ಜೋರಾಗಿ ಏಳುವ ಸಮುದ್ರ ಇರಬೇಕು ಅಂತ ನಾನೇ ಅರ್ಥ ಕಟ್ಟಿಕೊಂಡು, ಪರೀಕ್ಷೆಯಲ್ಲಿ ಅಲೆಗಳ ಬಗ್ಗೆ ಅರ್ಧ ಪುಟ ಬರೆದೆ. ಒಪ್ಪಂದಕ್ಕೆ ಸೇರುವಾಗ ಒಂದು ದೇಶ ‘ಈ ಒಂದು ವಿಧಿ ನನಗೆ ಅನ್ವಯಿಸಬಾರದು’ ಅಂತ ಹಾಕುವ ತಕರಾರಿಗೆ ‘ರಿಸರ್ವೇಷನ್’ ಅಂತಾರೆ. ಫೋನಿನಲ್ಲಿ ಅದು ‘ಮೀಸಲಾತಿ’. ಜಿನೀವಾ ಒಡಂಬಡಿಕೆಗೆ ಅಮೆರಿಕದ ಮೀಸಲಾತಿ ಅಂತ ಓದಿದ ಹುಡುಗ ಪ್ರವರ್ಗ ಯಾವುದು ಅಂತ ಕೇಳಿದರೆ ಅದು ಅವನ ತಪ್ಪಾ? ‘ಕನ್ವೆನ್ಷನ್’ ಸಮಾವೇಶ ಆಯಿತು, ‘ಪಾರ್ಟಿ’ ಪಕ್ಷ ಆಯಿತು. ಎಲ್ಲಕ್ಕಿಂತ ಕೆಟ್ಟದ್ದು ‘ಸ್ಟೇಟ್’. ಈ ಪೇಪರಿನಲ್ಲಿ ಸ್ಟೇಟ್ ಅಂದರೆ ದೇಶ. ಫೋನು ಎಲ್ಲ ಕಡೆ ‘ರಾಜ್ಯ’ ಅಂತ ಹಾಕುತ್ತದೆ. ‘ರಾಜ್ಯಗಳು ಮಾತ್ರ ಈ ನ್ಯಾಯಾಲಯದ ಮುಂದೆ ಬರಬಹುದು’ ಅಂತ ಓದಿದ ನರಗುಂದದ ಗೆಳೆಯ, ಹಾಗಾದರೆ ಮಹದಾಯಿಗಾಗಿ ಕರ್ನಾಟಕ ಯಾಕೆ ಇನ್ನೂ ಹೇಗ್‌ಗೆ ಹೋಗಿಲ್ಲ ಅಂತ ಸಿಟ್ಟಾಗಿದ್ದ.

ಕನ್ನಡದಲ್ಲಿ ಹೇಳೋಕೆ ಬರಲ್ಲ ಅಂತ ಅಲ್ಲ. ರೂಢಿಯ ಕಾನೂನು ಹುಟ್ಟಬೇಕಾದರೆ ಎರಡು ಬೇಕು. ದೇಶಗಳು ಹಾಗೆ ನಡೆದುಕೊಂಡು ಬಂದಿರಬೇಕು. ಹಾಗೆ ನಡೆಯೋದು ತಮ್ಮ ಕರ್ತವ್ಯ ಅಂತ ನಂಬಿರಬೇಕು. ಎರಡನೆಯದಕ್ಕೆ ಒಪಿನಿಯೊ ಜೂರಿಸ್ ಅಂತ ಲ್ಯಾಟಿನ್ ಹೆಸರು. 1969ರ ಉತ್ತರ ಸಮುದ್ರದ ಕೇಸಿನಲ್ಲಿ ಇದರ ದೊಡ್ಡ ಚರ್ಚೆ ಇದೆ. ಹುಡುಗರಿಗೆ ತಲೆಗೆ ಹೋಗಲಿಲ್ಲ. ನಾನು ಹೇಳಿದೆ: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ. ಯಾವ ರೂಲ್ ಬುಕ್ಕಿನಲ್ಲಿದೆ ಅದು? ಎಲ್ಲೂ ಇಲ್ಲ. ಆದರೆ ಎಲ್ಲರೂ ಹಾಕುತ್ತಾರೆ. ಅದಕ್ಕಿಂತ ಮುಖ್ಯ, ಮೊದಲು ಹತ್ತಿದವನು ಆ ಟವೆಲ್ ನೋಡಿ ‘ಇದು ಬೇರೆಯವರದು’ ಅಂತ ತಾನಾಗೇ ಮುಂದೆ ಹೋಗುತ್ತಾನೆ. ಕೂತರೆ ತಪ್ಪು ಅಂತ ಅವನ ಮನಸ್ಸು ಹೇಳುತ್ತದೆ. ಅದೇ ಒಪಿನಿಯೊ ಜೂರಿಸ್. ಇನ್ನು ನಾನು, ಟವೆಲ್ ನಡೆಯಲ್ಲ ಅಂತ ಮೊದಲ ದಿನದಿಂದ ಕೊನೆಯ ದಿನದವರೆಗೆ ಜಗಳ ಆಡಿದ ಕಂಡಕ್ಟರ್, ಪರ್ಸಿಸ್ಟೆಂಟ್ ಆಬ್ಜೆಕ್ಟರ್, ಅಂದರೆ ಆ ರೂಢಿಯನ್ನು ಬಿಡದೆ ವಿರೋಧಿಸುತ್ತಾ ಬಂದವನು. ಈಗ ಪರೀಕ್ಷೆಯಲ್ಲಿ ಅದನ್ನು ಮರೆಯುವವರು ನಮ್ಮ ಬ್ಯಾಚಿನಲ್ಲಿ ಇಲ್ಲ. ಟವೆಲ್ ಅಂತ ಬರೆಯಬೇಡ್ರೋ ಅಂತ ಮಾತ್ರ ಹೇಳಿದ್ದೀನಿ.

ಅದಕ್ಕೇ ಈ ಪತ್ರ. ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯವೇ ಇದೆ. ಹೊಸ ಕಟ್ಟಡ ಕೇಳ್ತಿಲ್ಲ, ಅನುದಾನ ಕೇಳ್ತಿಲ್ಲ. ಈ ಪೇಪರಿನ ಇನ್ನೂರು ಶಬ್ದಗಳಿಗೆ ಸರಿಯಾದ ಕನ್ನಡ ಕೊಟ್ಟು ಒಂದು ಚಿಕ್ಕ ಪಟ್ಟಿ ಮಾಡಿ ಹಾಕಲಿ. ಮೊದಲ ದಿನದ ಕ್ಲಾಸಿನಲ್ಲಿ ಮೇಷ್ಟ್ರುಗಳು ಈ ನಾಲ್ಕೈದು ತಾಣಗಳನ್ನು ಗೋಡೆಯ ಮೇಲೆ ತೆರೆದು ತೋರಿಸಲಿ. ಪುಕ್ಕಟೆ ಪಾಠ ಅಂತ ಸೇರಿಕೊಂಡು ಆಮೇಲೆ ಸರ್ಟಿಫಿಕೇಟಿಗೆ ದುಡ್ಡು ಕಟ್ಟುವವರೂ ಇದ್ದಾರೆ. ಬೆಲ್ಜಿಯಂನ ಲೂವೆನ್, ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಪಾಠಗಳು ಒಳ್ಳೆಯವೇ, ಆದರೆ ಸರ್ಟಿಫಿಕೇಟಿಗೆ ದುಡ್ಡು ಬೀಳುತ್ತದೆ, ನಮ್ಮ ಪರೀಕ್ಷೆಗೆ ಅದು ಬೇಕಾಗಿಲ್ಲ ಅಂತ ಯಾರಾದರೂ ಹೇಳಲಿ. ಸಂಜೆ ಆರಕ್ಕೆ ಬೀಗ ಬೀಳುವ ಕಾಲೇಜು ಲೈಬ್ರರಿಗಳು ಎಂಟರ ತನಕ ಇರಲಿ. ಆರು ಇಂಚಿನ ಪರದೆಯ ಮೇಲೆ ತೀರ್ಪು ಓದಿ ನನ್ನ ಕನ್ನಡಕದ ನಂಬರ್ ಬದಲಾಗಿದೆ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ: ವಾರಕ್ಕೊಮ್ಮೆ ಒಂದು ಕಾಲಂ ಜಾಗದಲ್ಲಿ ಒಂದು ಕೇಸನ್ನು ಕನ್ನಡದಲ್ಲಿ ಹೇಳಿ. ಪಾಕಿಸ್ತಾನ ಗಲ್ಲು ಶಿಕ್ಷೆ ಕೊಟ್ಟ ಕುಲಭೂಷಣ್ ಜಾಧವ್ ಬಗ್ಗೆ ಹೇಗ್ ಕೋರ್ಟಿನಲ್ಲಿ ನಡೆದ ಕೇಸಿನಿಂದ ಶುರು ಮಾಡಿ. 2019ರ ಜುಲೈ 17ರಂದು ಭಾರತ ಗೆದ್ದಿತು ಅಂತ ನೀವು ದೊಡ್ಡ ಅಕ್ಷರದಲ್ಲಿ ಹಾಕಿದ್ದಿರಿ. ಬಿಡುಗಡೆ ಮಾಡಿ ಅಂತ ಕೋರ್ಟ್ ಹೇಳಲೇ ಇಲ್ಲ, ನಮ್ಮ ರಾಯಭಾರ ಕಚೇರಿಯವರಿಗೆ ಭೇಟಿ ಆಗಲು ಬಿಡಿ, ಶಿಕ್ಷೆಯನ್ನು ಮರುಪರಿಶೀಲಿಸಿ ಅಂತ ಹೇಳಿದ್ದು, ಅನ್ನೋದು ಓದಿದವರಲ್ಲಿ ಎಷ್ಟು ಜನಕ್ಕೆ ತಲುಪಿತು?

ನಾವಂತೂ ಕಾಯುತ್ತಾ ಕೂತಿಲ್ಲ. ಐದು ಜನ ಸೇರಿ ಒಂದೊಂದು ತೀರ್ಪಿನ ಸಾರಾಂಶ ಓದಿ, ಹತ್ತು ನಿಮಿಷದ ಧ್ವನಿ ಸಂದೇಶವಾಗಿ ಕನ್ನಡದಲ್ಲಿ ಹೇಳಿ, ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಹನ್ನೊಂದು ಆಗಿವೆ. ಒಂದರಲ್ಲಿ ರೈಲಿನ ಸೀಟಿ ಕೇಳಿಸುತ್ತದೆ, ಇನ್ನೊಂದರಲ್ಲಿ ನಮ್ಮ ಮನೆಯವಳು ‘ಹಾಲು ಉಕ್ಕಾಕತ್ತೈತಿ’ ಅಂತ ಕೂಗಿದ್ದು ಹಾಗೇ ಉಳಿದಿದೆ.

ಹನ್ನೆರಡನೆಯದು ಒಂದು ಶಬ್ದದ ಮೇಲೆ ನಿಂತಿದೆ. ‘ಗುಡ್ ಆಫೀಸಸ್’. ಫೋನು ‘ಒಳ್ಳೆಯ ಕಚೇರಿಗಳು’ ಅನ್ನುತ್ತದೆ, ಅಂಥವು ನಮ್ಮ ತಾಲ್ಲೂಕಿನಲ್ಲಿ ಎಲ್ಲಿವೆ ಅಂತ ಹುಡುಗರು ಕೇಳುತ್ತಾರೆ. ಜಗಳ ಆಡಿದ ಇಬ್ಬರನ್ನು ಮೂರನೆಯವನೊಬ್ಬ ಕರೆದು, ಕಟ್ಟೆಯ ಮೇಲೆ ಕೂರಿಸಿ, ಚಹಾ ತರಿಸಿ, ‘ನೀವ ಮಾತಾಡ್ಕೊಳ್ರಿ’ ಅಂತ ತಾನು ಎದ್ದು ಹೋಗುತ್ತಾನಲ್ಲ, ಅದು. ಮಧ್ಯಸ್ಥಿಕೆ ಅಲ್ಲ, ಯಾಕೆಂದರೆ ಅವನು ನಡುವೆ ಬಾಯಿ ಹಾಕಲ್ಲ. ಪಂಚಾಯಿತಿ ಅಲ್ಲವೇ ಅಲ್ಲ, ಅವನು ತೀರ್ಪು ಕೊಡಲ್ಲ. ಊರಲ್ಲಿ ಈ ಕೆಲಸ ಮಾಡುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ, ಕೆಲಸಕ್ಕೆ ಹೆಸರು ಮಾತ್ರ ನಮಗೆ ಹೊಳೆಯುತ್ತಿಲ್ಲ. ಗದಗ, ಹಾವೇರಿ, ಧಾರವಾಡ ಕಡೆಯ ಓದುಗರಿಗೆ ಒಂದು ಶಬ್ದ ಗೊತ್ತಿದ್ದರೆ ಇದೇ ಅಂಕಣಕ್ಕೆ ಬರೆದು ಕಳಿಸಲಿ. ಮುಂದಿನ ಭಾನುವಾರದೊಳಗೆ ಬಂದರೆ ರೆಕಾರ್ಡ್ ಮಾಡುತ್ತೇವೆ.

ಇಂತಿ,
ನಿವೃತ್ತ ಬಸ್ ಕಂಡಕ್ಟರ್, ಎಲ್‌ಎಲ್‌ಬಿ ಮೂರನೇ ವರ್ಷ
ಬೆಟಗೇರಿ, ಗದಗ